ಬಹುಜನಾಂಗಗಳ ನಾಡಿನಲ್ಲಿ ಪ್ರಜಾಸತ್ತೆ: ನೇಪಾಳದ ನಿದರ್ಶನ



ಹಲವು ಜನಾಂಗ, ಹಲವು ಭಾಷೆ, ಹಲವು ಆಚಾರಗಳಿರುವ ಬಡದೇಶದಲ್ಲಿ ಪ್ರಜಾಸತ್ತೆ ಬೇರೂರುವುದು ಕಷ್ಟವೆಂಬ ವಾದ ಬಹುಕಾಲದಿಂದ ಕೇಳಿಬರುತ್ತಿದೆ. ಪ್ರತಿಯೊಂದು ಗುಂಪೂ ತನ್ನ ಪಾಲನ್ನು ಕೇಳತೊಡಗಿದರೆ ದೇಶವೇ ಒಡೆದುಹೋದೀತು. ಆದುದರಿಂದ ಮೊದಲು ಏಕತೆ, ಅನಂತರ ಹಕ್ಕು, ಎಂಬುದು ಅದರ ಸಾರ. ಮೇಲುನೋಟಕ್ಕೆ ಇದು ವಿವೇಕದ ಮಾತಿನಂತೆಯೇ ಕಾಣುತ್ತದೆ. ಇದನ್ನು ಒರೆಗೆ ಹಚ್ಚಿ ನೋಡಲು ನಾವು ದೂರ ಹೋಗಬೇಕಾಗಿಲ್ಲ. ನೆರೆಯ ನೇಪಾಳವೇ ಸಾಕು.

ಕನ್ನಡಿಗರಿಗೆ ನೇಪಾಳ ತೀರ ಅಪರಿಚಿತವಾದ ನಾಡೇನೂ ಅಲ್ಲ. ಪಶುಪತಿನಾಥನ ಪೂಜೆಗೆ ಕರ್ನಾಟಕದಿಂದ ಭಟ್ಟರು ಹೋಗುವ ಸಂಪ್ರದಾಯ ಪ್ರಸಿದ್ಧವಾದುದು. ಅದಕ್ಕಿಂತ ಹಳೆಯದು ಮಿಥಿಲೆಯನ್ನು ಆಳಿದ ಕರ್ಣಾಟ ವಂಶದ ನಂಟು. 1097ರಲ್ಲಿ ನಾನ್ಯದೇವನು ಸ್ಥಾಪಿಸಿದ ಆ ರಾಜ್ಯದ ರಾಜಧಾನಿಯಾಗಿದ್ದ ಸಿಮ್ರೌನ್‌ಗಢ ಇಂದು ನೇಪಾಳದ ತರಾಯಿ ಬಯಲಿನಲ್ಲಿದೆ. ಆ ಬಯಲಿನ ಜನರನ್ನೇ ಈಗ ಮಧೇಶಿಗಳೆಂದು ಕರೆಯುತ್ತಾರೆ. ನಾನು ಹೇಳಹೊರಟಿರುವ ಕಥೆಯಲ್ಲಿ ಅವರದು ದೊಡ್ಡ ಪಾತ್ರ.

ನೇಪಾಳವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಹಿಮಾಲಯ ಮತ್ತು ಗೂರ್ಖಾ ಸಿಪಾಯಿ. ಆದರೆ 2021ರ ಜನಗಣತಿ ಅಲ್ಲಿ ಎಣಿಸಿದ್ದು 142 ಜಾತಿ ಮತ್ತು ಜನಾಂಗಗಳನ್ನು, 124 ಮಾತೃಭಾಷೆಗಳನ್ನು. ನೇಪಾಳಿ ಭಾಷೆಯನ್ನು ಮನೆಮಾತೆಂದು ಹೇಳಿದವರು ನೂರಕ್ಕೆ 45ಕ್ಕಿಂತ ತುಸು ಕಡಮೆ. ಅತ್ಯಂತ ದೊಡ್ಡ ಗುಂಪಾದ ಛೇತ್ರಿಗಳೂ ನೂರಕ್ಕೆ 16ರಷ್ಟು ಮಾತ್ರ. ಎಂದರೆ ಅಲ್ಪಸಂಖ್ಯಾತರೇ ಕೂಡಿ ಆದ ದೇಶವದು.

ಹದಿನೆಂಟನೆಯ ಶತಮಾನದಲ್ಲಿ ಪೃಥ್ವಿನಾರಾಯಣ ಶಾಹನು ಸಣ್ಣ ಸಣ್ಣ ಸಂಸ್ಥಾನಗಳನ್ನು ಗೆದ್ದು ಒಂದು ರಾಜ್ಯವನ್ನು ಕಟ್ಟಿದ. ತನ್ನ ನಾಡನ್ನು ಅವನು ಎಲ್ಲ ಜಾತಿಗಳ ಹೂದೋಟವೆಂದು ಬಣ್ಣಿಸಿದನೆಂದು ನೇಪಾಳಿಗರು ಹೆಮ್ಮೆಯಿಂದ ನೆನೆಯುವುದುಂಟು. ಆದರೆ ತೋಟದಲ್ಲಿ ಯಾವ ಗಿಡ ಎಲ್ಲಿರಬೇಕೆಂಬುದನ್ನು ಕಾನೂನು ತೀರ್ಮಾನಿಸಿತು. ಜಂಗ್ ಬಹಾದುರ್ ರಾಣಾ 1854ರಲ್ಲಿ ಹೊರಡಿಸಿದ ಮುಲುಕಿ ಐನ್ ಎಂಬ ಸಂಹಿತೆ ಇಡೀ ಪ್ರಜೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಿತು. ಜನಿವಾರ ಧರಿಸುವವರು ಮೇಲೆ. ಮದ್ಯ ಸೇವಿಸುವವರೆಂದು ಹಣೆಪಟ್ಟಿ ಪಡೆದ ಮಗರ್, ಗುರುಂಗ್, ರಾಯಿ, ಲಿಂಬು, ತಮಾಂಗ್ ಮೊದಲಾದ ಬೆಟ್ಟದ ಜನ ಅವರ ಕೆಳಗೆ, ಅವರಲ್ಲಿಯೂ ಕೆಲವರು ದಾಸರನ್ನಾಗಿ ಮಾಡಿಕೊಳ್ಳಬಹುದಾದವರು. ಎಲ್ಲರಿಗಿಂತ ಅಡಿಯಲ್ಲಿ ಅಸ್ಪೃಶ್ಯರು. ಒಂದೇ ಅಪರಾಧಕ್ಕೆ ಜಾತಿಗೊಂದು ಶಿಕ್ಷೆ. ವೈವಿಧ್ಯವನ್ನು ಈ ಪ್ರಭುತ್ವ ಕಾಣಲಿಲ್ಲವೆಂದು ಹೇಳುವಂತಿಲ್ಲ. ಕಂಡಿತು, ಕಂಡು ಅದನ್ನು ಏಣಿಯನ್ನಾಗಿ ಮಾಡಿತು.

ಇನ್ನು ಭಾಷೆಯ ಮಾತು. ಕಾಠ್ಮಂಡು ಕಣಿವೆಯ ನೇವಾರರಿಗೆ ಶತಮಾನಗಳ ಸಾಹಿತ್ಯ ಪರಂಪರೆಯಿದೆ. ತಮ್ಮ ನುಡಿಯನ್ನು ಅವರು ನೇಪಾಲಭಾಷೆಯೆಂದೇ ಕರೆಯುತ್ತಾರೆ. ರಾಣಾಗಳ ಆಳ್ವಿಕೆಯಲ್ಲಿ ಆ ಭಾಷೆಯಲ್ಲಿ ಕವಿತೆ ಬರೆದುದೇ ಅಪರಾಧವಾಗಿ ಚಿತ್ತಧರ ಹೃದಯ ಎಂಬ ಕವಿ 1941ರಲ್ಲಿ ಸೆರೆಮನೆ ಸೇರಿದರು. ಅಲ್ಲಿ ಅವರು ಕಾವಲುಗಾರರ ಕಣ್ಣು ತಪ್ಪಿಸಿ ಬುದ್ಧನ ಜೀವನವನ್ನು ಕುರಿತು ‘ಸುಗತ ಸೌರಭ’ವೆಂಬ ಮಹಾಕಾವ್ಯವನ್ನೇ ರಚಿಸಿದರು, ಹಸ್ತಪ್ರತಿ ಗುಟ್ಟಾಗಿ ಹೊರಗೆ ಸಾಗಿತು. ಬುದ್ಧ ಹುಟ್ಟಿದ ನಾಡಿನಲ್ಲಿ ಬುದ್ಧನ ಕಾವ್ಯ ಕಳ್ಳಮಾಲಿನಂತೆ ಸೆರೆಮನೆಯಿಂದ ಹೊರಬರಬೇಕಾಯಿತೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಯಾದ ನಾನು ಮರೆಯಲಾರೆ.

1951ರಲ್ಲಿ ರಾಣಾಗಳು ಹೋದರು. 1959ರಲ್ಲಿ ಮೊದಲ ಮಹಾಚುನಾವಣೆ ನಡೆಯಿತು. ಮರುವರ್ಷವೇ ಮಹೇಂದ್ರ ದೊರೆ ಚುನಾಯಿತ ಸರಕಾರವನ್ನು ವಜಾಮಾಡಿ, ಪಕ್ಷಗಳನ್ನು ನಿಷೇಧಿಸಿ, ಪಂಚಾಯತಿ ವ್ಯವಸ್ಥೆಯೆಂಬುದನ್ನು ತಂದ. ಒಂದೇ ದೇಶ, ಒಬ್ಬನೇ ದೊರೆ, ಒಂದೇ ಭಾಷೆ, ಒಂದೇ ಉಡುಪು ಎಂಬುದು ಆ ಕಾಲದ ಘೋಷಣೆ. 1965ರಲ್ಲಿ ರೇಡಿಯೋ ನೇಪಾಳದಲ್ಲಿ ನೇಪಾಲಭಾಷೆಯ ಪ್ರಸಾರ ನಿಂತುಹೋಯಿತು. ರೇಡಿಯೋದ ಮುಂದೆ ಕುಳಿತು ಸ್ವಂತ ನುಡಿಯಲ್ಲಿ ಈ ಮಾತುಗಳನ್ನಾಡುತ್ತಿರುವ ನನಗೆ ಅದರ ಅರ್ಥ ಬೇರೆಯವರು ಬಿಡಿಸಿ ಹೇಳಬೇಕಾಗಿಲ್ಲ. ನೇವಾರರು ಏನು ಮಾಡಿದರು? ಸಾಹಿತ್ಯ ಸಭೆಗಳನ್ನು ಏರ್ಪಡಿಸಿದರು. ರಾಜಕೀಯ ಸಭೆಗೆ ಅವಕಾಶವಿಲ್ಲದ ಕಡೆ ಕವಿಗೋಷ್ಠಿಯೇ ಚಳವಳಿಯಾಯಿತು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ‘ಮೊದಲು ಏಕತೆ, ಅನಂತರ ಹಕ್ಕು’ ಎಂಬ ಸೂತ್ರವನ್ನು ಮೂವತ್ತು ವರ್ಷ ಯಾವ ಅಡ್ಡಿಯೂ ಇಲ್ಲದೆ ಪ್ರಯೋಗಿಸಿದ ನಾಡು ನೇಪಾಳ. ಫಲವೇನಾಯಿತು? 1990ರ ಜನಾಂದೋಲನದಲ್ಲಿ ಪಂಚಾಯತಿ ವ್ಯವಸ್ಥೆ ಕುಸಿದೊಡನೆ, ಅಷ್ಟು ಕಾಲ ಮೌನವಾಗಿದ್ದ ಗುಂಪುಗಳೆಲ್ಲ ಒಮ್ಮೆಗೇ ಬಾಯಿ ತೆರೆದುವು. ಅದುಮಿಟ್ಟ ಭೇದ ಕರಗಿರಲಿಲ್ಲ. ಹೊಸ ಸಂವಿಧಾನ ದೇಶವನ್ನು ಬಹುಜನಾಂಗಗಳ, ಬಹುಭಾಷೆಗಳ ನಾಡೆಂದು ಒಪ್ಪಿತು, ನಿಜ; ಆದರೆ ಅದೇ ಉಸಿರಿನಲ್ಲಿ ಹಿಂದೂ ರಾಜ್ಯವೆಂದೂ ಹೇಳಿತು. ಕಾಠ್ಮಂಡುವಿನ ನಗರಸಭೆ ನೇಪಾಲಭಾಷೆಯನ್ನೂ ತರಾಯಿಯ ಕೆಲವು ಸಂಸ್ಥೆಗಳು ಮೈಥಿಲಿಯನ್ನೂ ಕಚೇರಿಯಲ್ಲಿ ಬಳಸತೊಡಗಿದಾಗ, ಸರ್ವೋಚ್ಚ ನ್ಯಾಯಾಲಯ 1999ರ ಜೂನ್ 1ರಂದು ಅದು ಸಲ್ಲದೆಂದಿತು. ವಿದ್ಯಾಪತಿ ಪದ ಬರೆದ ಭಾಷೆಗೆ ಊರಿನ ನಗರಸಭೆಯ ಕಡತದಲ್ಲಿ ಜಾಗವಿಲ್ಲ!

ಅಷ್ಟರಲ್ಲಿ ಮಾವೋವಾದಿಗಳ ಯುದ್ಧ ಆರಂಭವಾಗಿತ್ತು. 1996ರಿಂದ 2006ರ ವರೆಗೆ ಸುಮಾರು 17,000 ಜನ ಸತ್ತರು. ಅದರ ವಿವರಗಳಿಗೆ ನಾನು ಹೋಗುವುದಿಲ್ಲ. ನಾಯಕರಲ್ಲಿ ಹಲವರು ಬ್ರಾಹ್ಮಣರಾಗಿದ್ದ ಆ ಪಕ್ಷದ ಪಡೆಗೆ ಬೆಟ್ಟದ ಜನಜಾತಿಗಳಿಂದಲೂ ದಲಿತರಿಂದಲೂ ದೊಡ್ಡ ಸಂಖ್ಯೆಯಲ್ಲಿ ತರುಣ ತರುಣಿಯರು ಸೇರಿದರೆಂಬುದು ಅರ್ಥಗರ್ಭಿತವಾದುದು. ಮತಪೆಟ್ಟಿಗೆ ಕೇಳದ ಮಾತನ್ನು ಅವರು ಬಂದೂಕಿನಿಂದ ಹೇಳಿಸಹೊರಟರು. ಹಿಂಸೆಯನ್ನು ನಾನು ಸಮರ್ಥಿಸಲಾರೆ. ಅದರ ಕಾರಣವನ್ನು ಕಾಣದಿರಲೂ ಆರೆ.

2006ರ ಏಪ್ರಿಲ್‌ನಲ್ಲಿ ಹತ್ತೊಂಬತ್ತು ದಿನಗಳ ಚಳವಳಿ ಜ್ಞಾನೇಂದ್ರ ದೊರೆಯ ನೇರ ಆಳ್ವಿಕೆಯನ್ನು ಕೊನೆಗಾಣಿಸಿತು. ಎಲ್ಲರೂ ಗೆದ್ದೆವೆಂದುಕೊಂಡರು. 2007ರ ಜನವರಿಯಲ್ಲಿ ಮಧ್ಯಂತರ ಸಂವಿಧಾನ ಹೊರಬಿದ್ದ ಮರುದಿನವೇ ಮಧೇಶಿ ಕಾರ್ಯಕರ್ತರು ರಾಜಧಾನಿಯ ನಡುಬೀದಿಯಲ್ಲಿ ಅದರ ಪ್ರತಿಗಳನ್ನು ಸುಟ್ಟರು. ಸಂಯುಕ್ತ ವ್ಯವಸ್ಥೆಯ ಮಾತೇ ಅದರಲ್ಲಿಲ್ಲ, ಜನಸಂಖ್ಯೆಗೆ ತಕ್ಕ ಕ್ಷೇತ್ರಗಳಿಲ್ಲ ಎಂಬುದು ಅವರ ದೂರು. ತರಾಯಿ ಹೊತ್ತಿಕೊಂಡಿತು, ಗುಂಡೇಟಿಗೆ ಜನ ಸತ್ತರು. ಪ್ರಧಾನಿ ಗಿರಿಜಾ ಪ್ರಸಾದ ಕೊಯಿರಾಲಾ ಒಂದು ವಾರದ ಅಂತರದಲ್ಲಿ ಎರಡು ಬಾರಿ ರಾಷ್ಟ್ರವನ್ನುದ್ದೇಶಿಸಿ ಮಾತನಾಡಿ ಬೇಡಿಕೆಯನ್ನು ಒಪ್ಪಬೇಕಾಯಿತು. ಬಯಲಿನ ಜನ ನೇಪಾಳದಿಂದ ಹೊರಗೆ ಹೋಗುತ್ತೇವೆಂದು ಹೊರಟವರಲ್ಲ. ಪೌರತ್ವದ ಪತ್ರವೇ ಇಲ್ಲದ ಸಾವಿರಾರು ಕುಟುಂಬಗಳು ಅವರಲ್ಲಿದ್ದುವು. ಒಳಗೆ ಬಿಡಿರೆಂದು ಬಾಗಿಲು ತಟ್ಟುವವನನ್ನು ಮನೆ ಒಡೆಯುವವನೆಂದು ಕರೆಯುವುದು ನ್ಯಾಯವೆ?

2008ರಲ್ಲಿ ಚುನಾಯಿತವಾದ ಸಂವಿಧಾನ ಸಭೆಯ 601 ಸದಸ್ಯರಲ್ಲಿ 197 ಮಂದಿ ಮಹಿಳೆಯರು. ಪ್ರಮಾಣಾನುಸಾರಿ ಮತದಾನದ ದೆಸೆಯಿಂದ ಹಿಂದೆಂದೂ ಅಧಿಕಾರದ ಹೊಸ್ತಿಲು ತುಳಿಯದಿದ್ದ ಗುಂಪುಗಳವರು ಅಲ್ಲಿ ಕುಳಿತರು. ಮೇ 28ರಂದು ರಾಜತ್ವ ರದ್ದಾಯಿತು. ಮಧೇಶದವರಾದ ರಾಮಬರಣ ಯಾದವರು ಮೊದಲ ರಾಷ್ಟ್ರಪತಿಯಾದರು. ಅದೇ ವರ್ಷ ಉಪರಾಷ್ಟ್ರಪತಿ ಪರಮಾನಂದ ಝಾ ಹಿಂದಿಯಲ್ಲಿ ಪ್ರಮಾಣವಚನ ಸ್ವೀಕರಿಸಿದಾಗ ಬೀದಿಗಳಲ್ಲಿ ಗಲಭೆಯೆದ್ದಿತು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ಕೊನೆಗೆ 2010ರಲ್ಲಿ ಅವರು ನೇಪಾಳಿಯಲ್ಲಿಯೂ ತಮ್ಮ ಮನೆಮಾತಾದ ಮೈಥಿಲಿಯಲ್ಲಿಯೂ ಮತ್ತೆ ಪ್ರಮಾಣ ಮಾಡಿದರು. ಇದೊಂದು ಹಾಸ್ಯಪ್ರಸಂಗವೆಂದು ನಕ್ಕವರುಂಟು. ನನಗಾದರೋ ಇದು ಆ ದಶಕದ ಅತ್ಯಂತ ಸೂಕ್ಷ್ಮವಾದ ಒಪ್ಪಂದವೆನಿಸುತ್ತದೆ.

ಪ್ರಾಂತಗಳ ಪ್ರಶ್ನೆ ಇಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ನಮ್ಮ ಭಾಷಾವಾರು ಪ್ರಾಂತಗಳ ಮಾದರಿ ಅಲ್ಲಿ ಹಾಗೆಯೇ ನಡೆಯದು. ಒಂದೇ ಕಣಿವೆಯಲ್ಲಿ ನಾಲ್ಕಾರು ಜನಾಂಗಗಳು ಬೆರೆತು ಬಾಳುವ ಕಡೆ ಯಾರ ಹೆಸರನ್ನಿಟ್ಟರೂ ಉಳಿದವರಿಗೆ ಅಸಮಾಧಾನ. ಈ ಜಗಳದಲ್ಲಿಯೇ ಮೊದಲ ಸಭೆ 2012ರಲ್ಲಿ ವಿಸರ್ಜನೆಯಾಯಿತು. ಎರಡನೆಯ ಸಭೆ 2015ರ ಭೂಕಂಪದ ಬಳಿಕ ಆತುರದಿಂದ ಏಳು ಪ್ರಾಂತಗಳ ಸಂವಿಧಾನವನ್ನು ಸೆಪ್ಟೆಂಬರ್ 20ರಂದು ಜಾರಿಗೆ ತಂದಿತು. ಮಧೇಶಿ ಮತ್ತು ಥಾರು ಜನರ ಪ್ರತಿಭಟನೆಯಲ್ಲಿ, ಪೊಲೀಸರೂ ಸೇರಿ, ನಲವತ್ತಕ್ಕೂ ಹೆಚ್ಚು ಪ್ರಾಣಗಳು ಹೋಗಿದ್ದುವು. ಪ್ರಾಂತಗಳಿಗೆ ಹೆಸರಿಡುವಾಗ ರಾಜಕಾರಣಿಗಳು ನದಿಗಳ ಮೊರೆಹೊಕ್ಕರು: ಗಂಡಕಿ, ಕರ್ನಾಲಿ, ಬಾಗ್ಮತಿ. ನದಿಗೆ ಜಾತಿಯಿಲ್ಲವಷ್ಟೆ! ಮಧೇಶ ಮಾತ್ರ 2022ರಲ್ಲಿ ತನ್ನ ಹೆಸರನ್ನು ತಾನೇ ಪಡೆಯಿತು. ಪೂರ್ವದ ಪ್ರಾಂತಕ್ಕೆ 2023ರಲ್ಲಿ ಕೋಶಿ ಎಂಬ ಹೆಸರಿಟ್ಟಾಗ ಲಿಂಬು ಮೊದಲಾದವರು ಬೀದಿಗಿಳಿದರು. ಹೆಸರಿನಲ್ಲೇನಿದೆ ಎಂದು ಕೇಳುವವರಿಗೆ, ಮೈಸೂರು ರಾಜ್ಯ ಕರ್ನಾಟಕವಾಗಲು 1973ರ ವರೆಗೆ ಕಾದ ನಾವು ಉತ್ತರ ಹೇಳಬಲ್ಲೆವು.

ಹೊಸ ವ್ಯವಸ್ಥೆಯ ಒಂದು ಏರ್ಪಾಟನ್ನು ನಾನು ವಿಶೇಷವಾಗಿ ಮೆಚ್ಚುತ್ತೇನೆ. ಸ್ಥಳೀಯ ಸಂಸ್ಥೆಗಳ ಪ್ರತಿಯೊಂದು ವಾರ್ಡಿನಲ್ಲಿಯೂ ಒಬ್ಬ ದಲಿತ ಮಹಿಳೆಗೆ ಸ್ಥಾನ ಮೀಸಲು. ಇಪ್ಪತ್ತು ವರ್ಷಗಳ ಅನಂತರ 2017ರಲ್ಲಿ ನಡೆದ ಸ್ಥಳೀಯ ಚುನಾವಣೆಯಲ್ಲಿ ಆರು ಸಾವಿರಕ್ಕೂ ಹೆಚ್ಚು ದಲಿತ ಮಹಿಳೆಯರು ಆಯ್ಕೆಯಾದರು. ಆದರೆ ಪಕ್ಷಗಳ ಪಡಸಾಲೆಯಲ್ಲಿ ಗಾಳಿ ಬದಲಾಗಲಿಲ್ಲ. ಅನಂತರದ ವರ್ಷಗಳಲ್ಲಿಯೂ ಬೆಟ್ಟದ ಮೇಲುಜಾತಿಯ ಅದೇ ಕೆಲವು ಹಿರಿಯರು ಪ್ರಧಾನಿಯ ಪೀಠವನ್ನು ಸರದಿಯ ಮೇಲೆ ಹತ್ತಿ ಇಳಿಯುತ್ತಿದ್ದರು. 2025ರ ಸೆಪ್ಟೆಂಬರ್‌ನಲ್ಲಿ ತರುಣರ ಆಕ್ರೋಶ ಸರಕಾರವನ್ನು ಉರುಳಿಸಿದಾಗ, ಅದರ ಹಿಂದೆ ಭ್ರಷ್ಟಾಚಾರದ ಜೊತೆಗೆ ಈ ಸರದಿಯಾಟದ ಬೇಸರವೂ ಇತ್ತು.

ಚಿತ್ತಧರರ ಭಾಷೆ ಏನಾಯಿತೆಂದು ಕೇಳುವಿರಾದರೆ, 2024ರಲ್ಲಿ ಬಾಗ್ಮತಿ ಪ್ರಾಂತ ನೇಪಾಳಿಯ ಜೊತೆಗೆ ತಮಾಂಗ್ ಮತ್ತು ನೇಪಾಲಭಾಷೆಗಳನ್ನು ಆಡಳಿತ ಭಾಷೆಗಳನ್ನಾಗಿ ಅಂಗೀಕರಿಸಿತು. ಕಾನೂನಾದ ಮಾತ್ರಕ್ಕೆ ಕಚೇರಿ ಬದಲಾಗುವುದಿಲ್ಲ. ರಾಜಭಾಷಾ ಅಧಿನಿಯಮವನ್ನು 1963ರಲ್ಲಿಯೇ ಕಂಡವರು ನಾವು, ಇಂಗ್ಲಿಷಿನ ಟಿಪ್ಪಣಿಗಳು ಕಡತಗಳಲ್ಲಿ ಎಷ್ಟು ಕಾಲ ಉಳಿದುವೆಂಬುದನ್ನೂ ಕಂಡವರು. ಹಿಂದೊಮ್ಮೆ ದಾಸರ ಮೆಟ್ಟಿಲಿನಲ್ಲಿ ನಿಲ್ಲಿಸಿದ್ದ ತಮಾಂಗರ ಒಬ್ಬ ಹೆಣ್ಣುಮಗಳು ತನ್ನ ನುಡಿಯಲ್ಲಿ ಅರ್ಜಿ ಬರೆದರೆ, ಅದನ್ನು ಓದಬಲ್ಲ ಗುಮಾಸ್ತ ಬೇಕು, ಉತ್ತರಕ್ಕೆ ಪರಿಭಾಷೆ ಬೇಕು, ಆ ಪರಿಭಾಷೆಯನ್ನು ಕಲಿಸುವ ಶಾಲೆ ಬೇಕು. ಆ ಕೆಲಸ ಅಲ್ಲಿ ಈಗಷ್ಟೇ ಮೊದಲಾಗಿದೆ.