ಯಾರ ಕೆಲಸಕ್ಕೆ ಎಷ್ಟು ಬೆಲೆ? ಗ್ಲಾಸ್ಗೋ ನಗರದ ಸ್ತ್ರೀಯರು ವಸೂಲು ಮಾಡಿದ ಬಾಕಿ

(ಮಹಿಳಾ ದಿನದ ಅಂಗವಾಗಿ ಮುಂಬಯಿಯಲ್ಲಿ ನೆರೆದ ಕನ್ನಡ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಬರೆಹರೂಪ)





ಮಹಿಳಾ ದಿನದ ಸಭೆಗಳಲ್ಲಿ ಸ್ತ್ರೀಯ ತ್ಯಾಗವನ್ನೂ ಸಹನೆಯನ್ನೂ ಕೊಂಡಾಡುವುದು ನಮ್ಮಲ್ಲಿ ವಾಡಿಕೆ. ನಾನು ಇಂದು ಅವಳ ಸಂಬಳವನ್ನು ಕುರಿತು ಮಾತನಾಡಬೇಕೆಂದಿದ್ದೇನೆ. ನಾನು ವೃತ್ತಿಯಿಂದ ಲೆಕ್ಕಪತ್ರ ನೋಡುವವನು. ತ್ಯಾಗವನ್ನು ಅಳೆಯುವ ಮಾನದಂಡ ನನ್ನ ಬಳಿ ಇಲ್ಲ; ಸಂಬಳದ ಪಟ್ಟಿಯನ್ನು ಮಾತ್ರ ಓದಬಲ್ಲೆ. ಅಂಥ ಒಂದು ಪಟ್ಟಿಯ ಕಥೆಯನ್ನು ದೂರದ ಸ್ಕಾಟ್ಲೆಂಡಿನಿಂದ ತಂದು ನಿಮ್ಮ ಮುಂದಿಡುತ್ತೇನೆ. ಕೊನೆಯಲ್ಲಿ ನನ್ನದೇ ಒಂದು ತಪ್ಪೊಪ್ಪಿಗೆಯೂ ಇದೆ.

2018ರ ಅಕ್ಟೋಬರ್ 23 ಮತ್ತು 24ರಂದು ಗ್ಲಾಸ್ಗೋ ನಗರಸಭೆಯ ಸುಮಾರು 8,000 ಸ್ತ್ರೀಯರು ಮುಷ್ಕರ ಹೂಡಿದರು. ಅವರು ಯಾರು? ವೃದ್ಧರ ಮತ್ತು ರೋಗಿಗಳ ಮನೆಗೆ ಹೋಗಿ ಸ್ನಾನ ಮಾಡಿಸಿ, ಔಷಧ ಕುಡಿಸಿ, ಊಟ ಉಣಿಸುವವರು; ಶಾಲೆಗಳಲ್ಲಿ ಅಡಿಗೆ ಮಾಡಿ ಬಡಿಸುವವರು; ಕಚೇರಿಗಳನ್ನೂ ತರಗತಿಗಳನ್ನೂ ಗುಡಿಸಿ ಒರೆಸುವವರು; ಶಿಶುವಿಹಾರಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು. ಆ ಎರಡು ದಿನ ನೂರಾರು ಶಾಲೆಗಳೂ ಶಿಶುವಿಹಾರಗಳೂ ಬಾಗಿಲು ಮುಚ್ಚಿದವು. ನಗರದ ಕಸ ಸಾಗಿಸುವ ಗಂಡಸರಲ್ಲಿ ಅನೇಕರು ಮುಷ್ಕರದ ಸಾಲನ್ನು ದಾಟಿ ಕೆಲಸಕ್ಕೆ ಹೋಗಲು ಒಪ್ಪಲಿಲ್ಲ. ಅವರ ಸಂಬಳವೇ ಆ ಸ್ತ್ರೀಯರ ತಕರಾರಿನ ಅಳತೆಗೋಲಾಗಿತ್ತು. ಆದರೂ ಅವರು ಸ್ತ್ರೀಯರ ಪಕ್ಕದಲ್ಲಿ ನಿಂತರು. ಈ ಒಂದು ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ತಕರಾರು ಏನೆಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಬ್ರಿಟನ್ನಿನಲ್ಲಿ ಸಮಾನ ವೇತನದ ಕಾಯಿದೆ ಆದದ್ದು 1970ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಡಾಗೆನ್‌ಹ್ಯಾಮ್‌ನ ಫೋರ್ಡ್ ಕಾರ್ಖಾನೆಯಲ್ಲಿ ಕಾರಿನ ಆಸನಗಳ ಹೊದಿಕೆ ಹೊಲಿಯುತ್ತಿದ್ದ ಸ್ತ್ರೀಯರು ನಡೆಸಿದ ಮುಷ್ಕರ ಆ ಕಾಯಿದೆಗೆ ಪ್ರೇರಣೆಯಾಯಿತು. ಕಾಯಿದೆ ಜಾರಿಗೆ ಬಂದದ್ದು 1975ರ ಕೊನೆಗೆ. ಆದರೆ ಅದು ಮುಖ್ಯವಾಗಿ ಒಂದೇ ಬಗೆಯ ಕೆಲಸ ಮಾಡುವ ಗಂಡು ಹೆಣ್ಣುಗಳನ್ನು ಹೋಲಿಸುತ್ತಿತ್ತು. ಅಡಿಗೆಯವಳನ್ನು ಬಡಗಿಯೊಡನೆ ಹೋಲಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರವಾಗಿ 1984ರಿಂದ 'ಸಮಾನ ಮೌಲ್ಯದ ಕೆಲಸ' ಎಂಬ ತತ್ತ್ವ ಕಾನೂನಿನೊಳಗೆ ಬಂದಿತು. ಹಡಗುಕಟ್ಟೆಯೊಂದರಲ್ಲಿ ಅಡಿಗೆ ಮಾಡುತ್ತಿದ್ದ ಜೂಲಿ ಹೇವರ್ಡ್ ಎಂಬಾಕೆ ತನ್ನ ಕೆಲಸವು ಬಣ್ಣ ಬಳಿಯುವವನ, ಬಡಗಿಯ, ಉಷ್ಣನಿರೋಧಕ ಹೊದಿಸುವವನ ಕೆಲಸಕ್ಕೆ ಸಮನಾದುದೆಂದು ವಾದಿಸಿ 1988ರಲ್ಲಿ ಆ ದೇಶದ ಪರಮೋಚ್ಚ ನ್ಯಾಯಪೀಠದಲ್ಲಿ ಗೆದ್ದರು. ಕೌಶಲ, ಶ್ರಮ, ಹೊಣೆಗಾರಿಕೆ, ಕೆಲಸದ ಪರಿಸ್ಥಿತಿ ಇವುಗಳನ್ನು ತೂಗಿ ನೋಡಿದರೆ ಒಲೆಯ ಮುಂದಿನ ಕೆಲಸವನ್ನೂ ಅಟ್ಟಣಿಗೆಯ ಮೇಲಿನ ಕೆಲಸವನ್ನೂ ಒಂದೇ ತಕ್ಕಡಿಯಲ್ಲಿ ಇಡಬಹುದು ಎಂಬುದು ಅಂದಿನಿಂದ ಸ್ಥಿರವಾಯಿತು.

ಇನ್ನು ನಗರಸಭೆಗಳ ವಿಷಯ. ಅಲ್ಲಿ ಕಸ ಸಾಗಿಸುವುದು, ರಸ್ತೆ ದುರಸ್ತಿ, ತೋಟಗಾರಿಕೆ, ಸಮಾಧಿ ತೋಡುವುದು ಹೆಚ್ಚಾಗಿ ಗಂಡಸರ ಕೆಲಸ. ಅಡಿಗೆ, ಶುಚಿತ್ವ, ಆರೈಕೆ ಹೆಂಗಸರ ಕೆಲಸ. ಮೂಲ ವೇತನದ ಶ್ರೇಣಿ ಎಷ್ಟೋ ಕಡೆ ಒಂದೇ ಇತ್ತು. ಆದರೆ ಗಂಡಸರ ಕೆಲಸಗಳಿಗೆ ಬೋನಸ್ ಇತ್ತು, ಹೆಂಗಸರ ಕೆಲಸಗಳಿಗೆ ಇರಲಿಲ್ಲ. ಹೆಚ್ಚು ದುಡಿಮೆಗೆಂದು ಆರಂಭವಾದ ಆ ಬೋನಸ್ ಕಾಲಾಂತರದಲ್ಲಿ ಸಂಬಳದ ಮಾಮೂಲು ಭಾಗವೇ ಆಯಿತು. 1997ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿಯೂ, 1999ರಲ್ಲಿ ಸ್ಕಾಟ್ಲೆಂಡಿನಲ್ಲಿಯೂ ಎಲ್ಲ ನೌಕರರನ್ನು ಒಂದೇ ವೇತನ ಪದ್ಧತಿಗೆ ತರುವ ಒಪ್ಪಂದವಾಯಿತು. ಅದನ್ನು ಜಾರಿಗೆ ತರಲು ಹೊರಟಾಗಲೇ ಹಳೆಯ ಲೆಕ್ಕದ ಹುಳುಕು ಹೊರಬಿದ್ದದ್ದು.

ಆಗ ಹಲವು ನಗರಸಭೆಗಳು ಮಾಡಿದ್ದೇನು? ಹೆಂಗಸರನ್ನು ಕರೆದು, ಒಂದು ಸಣ್ಣ ಮೊತ್ತವನ್ನು ಮುಂದಿಟ್ಟು, ಇನ್ನು ಮುಂದೆ ದಾವೆ ಹೂಡುವುದಿಲ್ಲವೆಂಬ ಕಾಗದಕ್ಕೆ ಸಹಿ ಕೇಳಿದವು. ಮನೆಯ ಬಾಡಿಗೆ, ಮಕ್ಕಳ ಶುಲ್ಕ ಎದುರಿಗಿರುವಾಗ ಕೈಗೆ ಬಂದ ಹಣವನ್ನು ಎಷ್ಟು ಜನ ಬೇಡವೆಂದಾರು? ಅನೇಕರು ಸಹಿ ಹಾಕಿದರು.

ಇಲ್ಲಿ ಕಾರ್ಮಿಕ ಸಂಘಗಳೂ ನಿರ್ದೋಷಿಗಳಾಗಿರಲಿಲ್ಲ. ಮಿಡಲ್ಸ್‌ಬರೋ ನಗರಸಭೆಯ ಪ್ರಕರಣದಲ್ಲಿ, ಗಂಡಸರ ಸಂಬಳ ಇಳಿಯದಿರಲಿ ಎಂಬ ಉದ್ದೇಶದಿಂದ ಸ್ತ್ರೀ ಸದಸ್ಯರ ಹಿಂಬಾಕಿಯನ್ನು ಕಡಿಮೆ ಮೊತ್ತಕ್ಕೆ ಒಪ್ಪಿಸಿದ ಜಿ.ಎಂ.ಬಿ. ಸಂಘವೇ ತನ್ನ ಸ್ತ್ರೀ ಸದಸ್ಯರಿಗೆ ಪರೋಕ್ಷ ತಾರತಮ್ಯ ಎಸಗಿದೆಯೆಂದು 2008ರಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ನಮ್ಮ ಪರವಾಗಿ ಮಾತನಾಡುವವರು ನಮ್ಮನ್ನು ಕೇಳಿ ಮಾತನಾಡುತ್ತಿದ್ದಾರೆಯೇ ಎಂಬ ಪ್ರಶ್ನೆ ಎಲ್ಲ ಸಂಘಗಳಿಗೂ, ಎಲ್ಲ ಸಮಾಜಗಳಿಗೂ ಅನ್ವಯಿಸುತ್ತದೆ. ಅದೇ ಸಂಘ ಮುಂದೆ ಗ್ಲಾಸ್ಗೋದ ಮುಷ್ಕರದಲ್ಲಿ ಯೂನಿಸನ್ ಸಂಘದೊಡನೆ ಸ್ತ್ರೀಯರ ಮುಂದಾಳಾಗಿ ನಿಂತಿತು ಎಂಬುದನ್ನೂ ಹೇಳಬೇಕು. ತಪ್ಪು ಮಾಡಿದವರು ತಿದ್ದಿಕೊಳ್ಳಬಲ್ಲರು.

ಗ್ಲಾಸ್ಗೋದಲ್ಲಿ ಹೊಸ ವೇತನ ಪದ್ಧತಿ ಬಂದದ್ದು 2006-07ರ ಸುಮಾರಿಗೆ. ತಾರತಮ್ಯ ನೀಗಿಸಲೆಂದೇ ಅದು ಬಂದಿತ್ತು. ಆದರೆ ವಾರಕ್ಕೆ 37 ಗಂಟೆ ದುಡಿಯುವವರಿಗೆ ಅನುಕೂಲವಾಗುವ ನಿಯಮ ಅದರೊಳಗೆ ಸೇರಿತ್ತು. ಅರೆಹೊತ್ತು ದುಡಿಯುವವರಲ್ಲಿ ಬಹುಪಾಲು ಸ್ತ್ರೀಯರೇ. ಹಿಂದಿನ ಬೋನಸ್ ಕಳೆದುಕೊಂಡ ಗಂಡಸರಿಗೆ ಕೆಲವು ವರ್ಷ ಹಳೆಯ ಸಂಬಳದ ರಕ್ಷಣೆ ದೊರೆಯಿತು. ಆ ಬೋನಸ್ಸನ್ನು ಎಂದೂ ಪಡೆಯದ ಹೆಂಗಸರಿಗೆ ರಕ್ಷಿಸಲು ಏನೂ ಇರಲಿಲ್ಲ. ಆರೈಕೆ ಮತ್ತು ಶುಚಿತ್ವದ ಕೆಲಸವನ್ನು ಕಾರ್ಡಿಯಾ ಎಂಬ ಪ್ರತ್ಯೇಕ ಕಂಪನಿಗೆ ವಹಿಸಲಾಗಿತ್ತು; ಅದು ನಗರಸಭೆಯದೇ ಕಂಪನಿ. ಹೆಸರು ಬೇರೆಯಾದ ಮಾತ್ರಕ್ಕೆ ಹೋಲಿಕೆಯ ಹಕ್ಕು ಹೋಗುವುದಿಲ್ಲವೆಂದು 2014ರಲ್ಲಿ ಸ್ಕಾಟ್ಲೆಂಡಿನ ಉಚ್ಚ ನ್ಯಾಯಾಲಯ ಹೇಳಿತು. 2017ರಲ್ಲಿ ಅದೇ ನ್ಯಾಯಾಲಯ ಸಂಬಳ ರಕ್ಷಣೆಯ ವಿಷಯದಲ್ಲಿಯೂ, ಕೆಲಸಗಳ ಮೌಲ್ಯಮಾಪನ ಪದ್ಧತಿಯ ವಿಷಯದಲ್ಲಿಯೂ ಸ್ತ್ರೀಯರ ಪರವಾಗಿ ತೀರ್ಪಿತ್ತಿತು. ಅದೇ ವರ್ಷ ನಗರದ ಆಡಳಿತವೂ ಬದಲಾಯಿತು. ಹೊಸ ಆಡಳಿತ ಇತ್ಯರ್ಥದ ಭರವಸೆ ಕೊಟ್ಟಿತು. ಮಾತುಕತೆ ಎಳೆಯುತ್ತ ಹೋಯಿತು. ಕಾಯುತ್ತಲೇ ಕೆಲವರು ನಿವೃತ್ತರಾದರು, ಕೆಲವರು ತೀರಿಯೂ ಹೋದರು. ಆಗ ನಡೆದದ್ದೇ 2018ರ ಮುಷ್ಕರ.

2019ರ ಜನವರಿಯಲ್ಲಿ ಒಪ್ಪಂದ ಕುದುರಿತು. ಮೊತ್ತ ಸುಮಾರು 54 ಕೋಟಿ 80 ಲಕ್ಷ ಪೌಂಡ್. ಈ ಹಣಕ್ಕಾಗಿ ನಗರಸಭೆ ತನ್ನ ಸ್ವತ್ತುಗಳನ್ನು, ಕ್ರೀಡಾಂಗಣ, ಸಭಾಸಂಕೀರ್ಣ, ವಸ್ತುಸಂಗ್ರಹಾಲಯಗಳನ್ನು, ತನ್ನದೇ ಅಂಗಸಂಸ್ಥೆಗೆ ಮಾರಿ, ಮರಳಿ ಬಾಡಿಗೆಗೆ ಪಡೆಯಿತು. 2022ರಲ್ಲಿ ಉಳಿದ ಬಾಕಿಗೆ ಇನ್ನೊಂದು ಒಪ್ಪಂದವಾಗಿ, ಒಟ್ಟು ಹೊರೆ ಸುಮಾರು 77 ಕೋಟಿ ಪೌಂಡಿಗೆ ಮುಟ್ಟಿತು.

ಈಗ ಎದುರು ವಾದವನ್ನೂ ಕೇಳೋಣ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರಸಭೆ 2012ರ ನಂತರ ಇಂಥ ದಾವೆಗಳಿಗಾಗಿ ಸುಮಾರು 110 ಕೋಟಿ ಪೌಂಡ್ ತೆತ್ತಿತು. ಆದರೂ ತಾರತಮ್ಯ ನಿಲ್ಲಲಿಲ್ಲ, ಹೊಸ ಬಾಕಿ ಬೆಳೆಯಿತು. 2023ರ ಸೆಪ್ಟೆಂಬರಿನಲ್ಲಿ ಅದು ತನ್ನ ಆಯವ್ಯಯ ಸರಿದೂಗಿಸಲಾಗದೆಂದು ಕಾನೂನಿನ ಪ್ರಕಾರ ಘೋಷಿಸಿತು. ಹೆಂಗಸರ ಸಂಬಳ ಒಂದು ಮಹಾನಗರವನ್ನೇ ದಿವಾಳಿ ಎಬ್ಬಿಸಿತು ಎಂದು ಅನೇಕರು ಆಡಿಕೊಂಡರು.

ಬಂಧುಗಳೇ, ನಮ್ಮಲ್ಲಿ ವ್ಯಾಪಾರಸ್ಥರು ಅನೇಕರಿದ್ದೀರಿ. ಕೊಟ್ಟ ಸಾಲವನ್ನು ಮರಳಿ ಕೇಳಿದವನಿಂದ ಅಂಗಡಿ ಮುಳುಗಿತೆಂದು ನಾವು ಹೇಳುವುದುಂಟೇ? ತೀರಿಸದೆ ಬಡ್ಡಿ ಬೆಳೆಸಿದವನನ್ನು ದೂರುತ್ತೇವೆ. ಕೊಡದೆ ಉಳಿಸಿಕೊಂಡ ಸಂಬಳ ಸಾಲವೇ ಹೌದು. ಆ ಸಾಲವನ್ನು ಕೊಟ್ಟವರು ಬೆಳಗಿನ ಆರು ಗಂಟೆಗೆ ನೆಲ ಒರೆಸುತ್ತಿದ್ದ ಹೆಂಗಸರು; ಸಾಲ ಕೊಡುತ್ತಿದ್ದೇವೆಂಬ ಅರಿವೂ ಅವರಿಗಿರಲಿಲ್ಲ. ಮೊದಲ ವರ್ಷವೇ ಪಟ್ಟಿಯನ್ನು ತಿದ್ದಿದ್ದರೆ ಗ್ಲಾಸ್ಗೋ ತನ್ನ ವಸ್ತುಸಂಗ್ರಹಾಲಯಕ್ಕೆ ಬಾಡಿಗೆ ಕಟ್ಟಬೇಕಾಗುತ್ತಿರಲಿಲ್ಲ. ಬರ್ಮಿಂಗ್‌ಹ್ಯಾಮಿನ ಸಂಕಟಕ್ಕೆ ಸರ್ಕಾರದ ಅನುದಾನ ಕಡಿತ, ಕೆಟ್ಟುನಿಂತ ಗಣಕ ವ್ಯವಸ್ಥೆ ಮುಂತಾದ ಬೇರೆ ಕಾರಣಗಳೂ ಇದ್ದವು. ಅವುಗಳ ಹೆಸರು ಅಷ್ಟಾಗಿ ಕೇಳಿಬರಲಿಲ್ಲ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. 2025ರಲ್ಲಿ ಅದೇ ಬರ್ಮಿಂಗ್‌ಹ್ಯಾಮಿನಲ್ಲಿ ಕಸ ಸಾಗಿಸುವ ನೌಕರರು ಮುಷ್ಕರ ಹೂಡಿದರು. ತಮ್ಮಲ್ಲಿನ ಒಂದು ಹುದ್ದೆಯನ್ನೇ ರದ್ದು ಮಾಡಿ ಸಂಬಳ ಇಳಿಸಲಾಗುತ್ತಿದೆಯೆಂಬುದು ಅವರ ದೂರು. ಆ ಹುದ್ದೆ ಉಳಿದರೆ ಮತ್ತೆ ಸಮಾನ ವೇತನದ ದಾವೆಗಳು ಬರುತ್ತವೆಂಬುದು ನಗರಸಭೆಯ ಸಮಜಾಯಿಷಿ. ಹೆಣ್ಣಿನ ಸಂಬಳ ಏರಿಸುವ ಬದಲು ಗಂಡಿನ ಸಂಬಳ ಇಳಿಸಿದರೂ ಕಾಗದದ ಮೇಲೆ ಸಮಾನತೆಯೇ. ಆದರೆ ಹಾಗೆ ಬಂದ ಸಮಾನತೆ ಒಂದು ಮನೆಯ ಒಲೆಯನ್ನೂ ಹೆಚ್ಚಾಗಿ ಉರಿಸದು; ಬಡವರಿಬ್ಬರ ನಡುವೆ ಜಗಳ ಹಚ್ಚುತ್ತದೆ. ಗ್ಲಾಸ್ಗೋದ ಗಂಡಸರು ಹೆಂಗಸರ ಪಕ್ಕದಲ್ಲಿ ನಿಂತದ್ದನ್ನು ನೆನಪಿಡಿರೆಂದು ಕೇಳಿಕೊಂಡದ್ದು ಇದಕ್ಕಾಗಿ.

ಈ ಒಂದು ವಿಷಯದಲ್ಲಿ ನಮ್ಮ ಕಾನೂನು ಮುಂದಿದೆ. ಸಂವಿಧಾನದ 39ನೆಯ ಅನುಚ್ಛೇದ ಸಮಾನ ಕೆಲಸಕ್ಕೆ ಸಮಾನ ವೇತನವೆನ್ನುತ್ತದೆ. 1976ರ ಸಮಾನ ಸಂಭಾವನೆ ಕಾಯಿದೆ, ಸಮಾನತೆ ತರುವ ನೆಪದಲ್ಲಿ ಯಾರ ಸಂಬಳವನ್ನೂ ಇಳಿಸಕೂಡದೆಂದು ವಿಧಿಸಿತು; 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ನಮ್ಮ ಈ ಮುಂಬಯಿಯ ಹಡಗು ವ್ಯವಹಾರದ ಕಂಪನಿಯೊಂದರಲ್ಲಿ ಶೀಘ್ರಲಿಪಿಗಾರ್ತಿಯಾಗಿದ್ದ ಆಡ್ರಿ ಡಿ'ಕೋಸ್ಟಾ ಅವರು ಗಂಡು ಶೀಘ್ರಲಿಪಿಗಾರರಿಗೆ ಸಮನಾದ ಸಂಬಳಕ್ಕಾಗಿ ಹೋರಾಡಿ 1987ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಗೆದ್ದರು. ಸಂಘದೊಡನೆ ಒಪ್ಪಂದವಾಗಿದೆ ಎಂಬ ನೆಪವೂ, ಕೊಡಲು ಶಕ್ತಿಯಿಲ್ಲ ಎಂಬ ನೆಪವೂ ಸಲ್ಲದೆಂದು ಅಂದೇ ನ್ಯಾಯಾಲಯ ಹೇಳಿತು.

ಆದರೆ ಇನ್ನೊಂದು ವಿಷಯದಲ್ಲಿ ನಾವು ಹಿಂದೆ ಇದ್ದೇವೆ. ನಮ್ಮ ಕಾನೂನು ಅದೇ ಕೆಲಸ ಅಥವಾ ಅದೇ ಬಗೆಯ ಕೆಲಸವನ್ನು ಹೋಲಿಸುತ್ತದೆ. 'ಸಮಾನ ಮೌಲ್ಯ' ಎಂಬ ತಕ್ಕಡಿಯನ್ನು ಒಪ್ಪಿದ ಅಂತಾರಾಷ್ಟ್ರೀಯ ಒಡಂಬಡಿಕೆಗೆ ಭಾರತ 1958ರಲ್ಲಿಯೇ ಅಂಕಿತ ಹಾಕಿದ್ದರೂ, ಅಡಿಗೆಯವಳನ್ನು ಬಡಗಿಯೊಡನೆ ತೂಗುವ ದಾರಿ ಇಲ್ಲಿ ಇನ್ನೂ ತೆರೆದಿಲ್ಲ. ಅಂಗನವಾಡಿಯ ಕಾರ್ಯಕರ್ತೆಗೂ ಆಶಾ ಕಾರ್ಯಕರ್ತೆಗೂ ನಾವು ಕೊಡುವುದನ್ನು ಸಂಬಳವೆಂದು ಕರೆಯುವುದೂ ಇಲ್ಲ; ಗೌರವಧನ, ಪ್ರೋತ್ಸಾಹಧನ ಎನ್ನುತ್ತೇವೆ. ಗೌರವ ಎಂಬ ಪದ ಎಲ್ಲಿ ಸಂಬಳದ ಜಾಗಕ್ಕೆ ಬರುತ್ತದೆಯೋ ಅಲ್ಲಿ ಸಾಮಾನ್ಯವಾಗಿ ಹಣ ಕಡಿಮೆಯಿರುತ್ತದೆ.

ಇನ್ನು ನಾನು ಹೇಳಿದ ತಪ್ಪೊಪ್ಪಿಗೆ. ಒಂದು ಸಂಸ್ಥೆಯ ವಿದ್ಯಾರ್ಥಿನಿಲಯದ ಲೆಕ್ಕವನ್ನು ನಾನು ಹನ್ನೊಂದು ವರ್ಷ ನೋಡಿದೆ. ಅಡಿಗೆಮನೆಯಲ್ಲಿ ಮೂವರು ಹೆಂಗಸರು. ಬೆಳಗಿನ ಐದಕ್ಕೆ ಬಂದರೆ ರಾತ್ರಿಯ ಪಾತ್ರೆ ತೊಳೆದು ಹೋಗುವವರು. ಬಾಗಿಲಲ್ಲಿ ಒಬ್ಬ ಕಾವಲುಗಾರ. ಅವನ ಸಂಬಳ ಅವರಿಗಿಂತ ಹೆಚ್ಚು. ಒಂದು ದಿನ ಅವರಲ್ಲೊಬ್ಬರು, ಬೆಳಗಾವಿ ಕಡೆಯವರು, ಸಹಿ ಹಾಕುವಾಗ ಕೇಳಿದರು: "ಸಾಹೇಬ್ರ, ನಾ ಒಂದಿನ ರಜಾ ಹಾಕಿದ್ರ ಹುಡುಗ್ರಿಗೆ ಊಟಿಲ್ಲ. ಆತ ಒಂದಿನ ರಜಾ ಹಾಕಿದ್ರ ಏನ್ ನಿಲ್ಲತೈತಿ?" ನಾನು ಹೇಳಿದೆ: "ಪೇಟೆಯ ದರ ಅಷ್ಟೇ ಐತಲ್ಲವ್ವಾ." ಆಕೆ ಮತ್ತೆ ಕೇಳಲಿಲ್ಲ. ನಾನು ಮುಂದೆಯೂ ಸಹಿ ಹಾಕುತ್ತಲೇ ಹೋದೆ. ಗ್ಲಾಸ್ಗೋದ ಸುದ್ದಿಯನ್ನು ಓದಿದ ದಿನ ಆ ಪಟ್ಟಿ ನನ್ನ ಕಣ್ಣ ಮುಂದೆ ಬಂತು. ಆಕೆ ಆ ದಿನ ಸಮಾನ ಮೌಲ್ಯದ ತತ್ತ್ವವನ್ನೇ ಹೇಳಿದ್ದರು. ಓದಿದವನೆಂಬ ಹೆಮ್ಮೆಯಿದ್ದ ನನಗೆ ಅದು ತಿಳಿದಿರಲಿಲ್ಲ. ಈಗ ಆಕೆ ಎಲ್ಲಿದ್ದಾರೋ ಗೊತ್ತಿಲ್ಲ. ಆ ಬಾಕಿ ತೀರಿಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನ ಬಿನ್ನಹ ಮೂರು. ನೀವು ಟ್ರಸ್ಟಿಗಳಾಗಿರುವ ಸಂಸ್ಥೆಯ, ಕಾರ್ಯದರ್ಶಿಗಳಾಗಿರುವ ವಸತಿ ಸಂಘದ ಸಂಬಳದ ಪಟ್ಟಿಯನ್ನು ಈ ತಿಂಗಳು ಒಮ್ಮೆ ತರಿಸಿ ಓದಿರಿ; ಹೆಸರುಗಳನ್ನು ಮುಚ್ಚಿ ಕೆಲಸವನ್ನಷ್ಟೇ ನೋಡಿ, ನ್ಯಾಯವಾದ ದರ ಯಾವುದೆಂದು ಯೋಚಿಸಿರಿ. ವ್ಯತ್ಯಾಸ ಕಂಡರೆ ಕಡಿಮೆಯದನ್ನು ಏರಿಸಿರಿ, ಹೆಚ್ಚಿನದನ್ನು ಇಳಿಸಬೇಡಿರಿ. ಎರಡನೆಯದು, ಪಾಲಿಕೆಯ ಚುನಾವಣೆಯಲ್ಲಿ ಮತ ಕೇಳಲು ಬಂದವರನ್ನು ನೀರು, ರಸ್ತೆಗಳ ಜೊತೆಗೆ ಇದನ್ನೂ ಕೇಳಿರಿ: ನಮ್ಮ ಬೀದಿ ಗುಡಿಸುವವಳಿಗೂ, ಮನೆಮನೆಗೆ ಬರುವ ಆರೋಗ್ಯ ಸೇವಿಕೆಗೂ ಎಷ್ಟು ಕೊಡುತ್ತೀರಿ, ಆ ಹಣ ಅವರ ಕೈಗೆ ಯಾವ ದಿನ ಮುಟ್ಟುತ್ತದೆ? ಮೂರನೆಯದು, ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಹೇಳಿರಿ: ಪಕ್ಕದ ಮೇಜಿನವನ ಸಂಬಳ ಎಷ್ಟೆಂದು ಕೇಳುವುದು ಅಸಭ್ಯತೆಯಲ್ಲ, ಓದದೆ ಕರಾರಿಗೆ ಸಹಿ ಹಾಕುವುದು ವಿನಯವೂ ಅಲ್ಲ.

ಗ್ಲಾಸ್ಗೋದ ಆ ಸ್ತ್ರೀಯರು ದಯೆ ಬೇಡಲಿಲ್ಲ, ಬಾಕಿ ಕೇಳಿದರು. ಹನ್ನೆರಡು ವರ್ಷದ ಮೇಲೆ ಅದು ಬಂತು. ನಮ್ಮ ಪಟ್ಟಿಗಳನ್ನು ಅಷ್ಟು ಕಾಲ ಕಾಯಿಸದೆ ತಿದ್ದುವ ಅವಕಾಶ ನಮ್ಮ ಕೈಯಲ್ಲಿದೆ.