ಹೆಣ್ಣು ಹೆಣ್ಣನ್ನು ಒಲಿದ ಸಾಹಿತ್ಯವನ್ನು ನಾವೇಕೆ ಓದಬೇಕು?

(ಕೊಂಡಜ್ಜಿಯ ಕೆರೆಯ ದಂಡೆಯಲ್ಲಿ ಸೇರಿದ್ದ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)

ಸಂಗಾತಿಗಳೇ, ಅಂಗಡಿಗೆ ಬೀಗ ಹಾಕಿ ಬಂದಿರುವ ವ್ಯಾಪಾರಿ ಬಂಧುಗಳೇ, ತಾಯಂದಿರೇ,

ಬೆಳಗಿನಿಂದ ಕೂಲಿ, ಬೋನಸ್ಸು, ಸುಂಕಗಳ ಮಾತಾಯಿತು. ಈಗ ಸಾಹಿತ್ಯದ ಸರದಿ ಎಂದೊಡನೆ ಕೆಲವರು ಬೀಡಿ ಹಚ್ಚಲು ಕೆರೆ ಏರಿಯ ಕಡೆ ನಡೆದುದನ್ನು ಕಂಡೆವು. ವಿಷಯ ಏನೆಂದು ಕೇಳಿದರೆ ಅವರೇ ಮೊದಲು ಹಿಂದಿರುಗಿಯಾರು.

ನಮ್ಮ ತಪ್ಪೊಂದನ್ನು ಒಪ್ಪಿಕೊಂಡೇ ಪ್ರಾರಂಭಿಸುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ವಾಚನಾಲಯಕ್ಕೆ ಗಾರ್ಮೆಂಟ್ಸ್ ಕೆಲಸದ ಹುಡುಗಿಯೊಬ್ಬಳು ಬಂದಳು. ಸಂಜೆ ಯಾರೂ ಇಲ್ಲದ ಹೊತ್ತು ನೋಡಿ ಬಂದಿದ್ದಳೆಂದು ಈಗ ತೋರುತ್ತದೆ. "ಅಣ್ಣಾ, ಇಬ್ರು ಹುಡುಗೇರು ಒಬ್ರನ್ನೊಬ್ರು ಇಷ್ಟಪಟ್ಟ ಕಥಿ ಕನ್ನಡದಾಗ ಯಾವ್ದಾದ್ರೂ ಐತೇನ್ರೀ?" ಎಂದು ಕೇಳಿದಳು. ನಾವು ನಕ್ಕೆವು. ಅಂತಹದ್ದೆಲ್ಲ ನಮ್ಮಲ್ಲಿಲ್ಲವೆಂದು ಹೇಳಿ ತ್ರಿವೇಣಿಯವರ ಕಾದಂಬರಿಯೊಂದನ್ನು ಕೈಗಿತ್ತೆವು. ವಾರಕ್ಕೆ ಸರಿಯಾಗಿ ಪುಸ್ತಕ ಹಿಂತಿರುಗಿಸಿದಳು, ಮತ್ತೆ ಬರಲಿಲ್ಲ. ತ್ರಿವೇಣಿಯವರನ್ನು ಯಾರೂ ಓದಬೇಕಾದ್ದೇ, ಅದು ಬೇರೆ ಮಾತು. ಆ ಹುಡುಗಿ ಕೇಳಿದ್ದು ಅದನ್ನಲ್ಲ.

ಆಮೇಲೆ ನಾವು ಹುಡುಕಲು ತೊಡಗಿದೆವು. ನಾಚಿಕೆಯಿಂದ ಶುರುವಾದ ಓದು ಸಂತೋಷವಾಗಿ ತಿರುಗಿತೆಂಬುದನ್ನು ಮುಚ್ಚಿಡುವುದಿಲ್ಲ.

ಸುಮಾರು 2600 ವರ್ಷಗಳ ಹಿಂದೆ ಗ್ರೀಕರ ಲೆಸ್ಬಾಸ್ ದ್ವೀಪದಲ್ಲಿ ಸ್ಯಾಫೋ ಎಂಬ ಕವಯಿತ್ರಿ ಇದ್ದಳು. ಹೆಣ್ಣನ್ನು ಒಲಿಯುವ ಹೆಣ್ಣಿಗೆ ಲೆಸ್ಬಿಯನ್ ಎಂಬ ಹೆಸರು ಬಂದುದು ಆ ದ್ವೀಪದಿಂದಲೇ. ಪ್ರಾಚೀನ ಪಂಡಿತರು ಅವಳ ಹಾಡುಗಳನ್ನು ಒಂಬತ್ತು ಭಾಗಗಳಾಗಿ ಜೋಡಿಸಿಟ್ಟಿದ್ದರಂತೆ. ಇಂದು ಇಡಿಯಾಗಿ ಉಳಿದಿರುವ ಹಾಡು ಒಂದೇ ಒಂದು. ಮಿಕ್ಕದ್ದೆಲ್ಲ ಚೂರು. ಆ ಚೂರುಗಳಾದರೂ ಸಿಕ್ಕಿದ್ದೆಲ್ಲಿ? ಈಜಿಪ್ತಿನ ಹಳೆಯ ಊರೊಂದರ ತಿಪ್ಪೆಯಲ್ಲಿ, ಹೆಣಗಳಿಗೆ ಹೊದಿಸಿದ ರದ್ದಿಯಲ್ಲಿ! 2004ರಲ್ಲಿ ಕೂಡ ಅಂತಹ ರದ್ದಿಯಿಂದ ಬಿಡಿಸಿದ ಕವಿತೆಯೊಂದು ಪ್ರಕಟವಾಯಿತು. ದಾವಣಗೆರೆಯಲ್ಲಿ ಮಂಡಕ್ಕಿ ಮಿರ್ಚಿ ಕಟ್ಟಿಕೊಡುವ ಬಂಧುಗಳು ಇಲ್ಲಿದ್ದೀರಿ. ಹಳೆಯ ಕಾಗದ ಪೊಟ್ಟಣವಾಗುವ ಮುನ್ನ ಒಮ್ಮೆ ಓದಿ ನೋಡಿ.

ಆ ಒಂದು ಇಡೀ ಹಾಡಿನಲ್ಲಿ ಒಲಿದ ಜೀವ ಹೆಣ್ಣೆಂದು ಗೊತ್ತಾಗುವುದು ಒಂದೇ ಒಂದು ಪದದ ಕೊನೆಯಿಂದ. ಆ ಪದವನ್ನೂ ತಿದ್ದಿಬಿಡಲು ಹವಣಿಸಿದ ಪಂಡಿತರುಂಟು. ಇದನ್ನು ಓದಿದಾಗ ನಮಗೆ ನಮ್ಮ ಕನ್ನಡದ ವ್ಯಾಕರಣ ನೆನಪಾಯಿತು. 'ಅವಳು ಬಂದಳು' ಎಂದರೆ ಕ್ರಿಯಾಪದದ ಬಾಲವೇ ಗುಟ್ಟು ಹೇಳಿಬಿಡುತ್ತದೆ. ಆದರೆ 'ನಾನು ಬಂದೆ', 'ನೀನು ಬಂದೆ' ಎಂಬಲ್ಲಿ ಗಂಡೆಂದೂ ಇಲ್ಲ, ಹೆಣ್ಣೆಂದೂ ಇಲ್ಲ. ರೇಡಿಯೋದಲ್ಲಿ ಕೇಳಿದ ನಾನು-ನೀನು ಎಂಬ ಭಾವಗೀತೆ ಯಾವುದಾದರೂ ಆಗಲಿ, ಇಬ್ಬರು ಹೆಣ್ಣುಮಕ್ಕಳು ಅದನ್ನು ತಮ್ಮದೆಂದು ಗುನುಗಿಕೊಂಡಿದ್ದರೆ ಪಕ್ಕದ ಮನೆಯವರಿಗೂ ತಿಳಿಯುವಂತಿಲ್ಲ. ಎಷ್ಟು ಜನ ಹಾಗೆ ಹಾಡಿಕೊಂಡಿರಬಹುದು!

ಇನ್ನು ನಮ್ಮ ದೇಶದ ಕಥೆಗಳು. ಉರ್ದುವಿನ ಇಸ್ಮತ್ ಚುಗ್ತಾಯಿಯವರು 1942ರಲ್ಲಿ 'ಲಿಹಾಫ್' ಅಂದರೆ ರಜಾಯಿ ಎಂಬ ಕಥೆ ಪ್ರಕಟಿಸಿದರು. ನವಾಬನ ಮನೆಯಲ್ಲಿ ಸಾಮಾನಿನಂತೆ ಬಿದ್ದಿರುವ ಬೇಗಂ ಜಾನ್, ಅವಳ ಮೈ ತಿಕ್ಕುವ ಆಳು ರಬ್ಬೂ, ರಾತ್ರಿ ಗೋಡೆಯ ಮೇಲೆ ಆನೆಯಂತೆ ಕುಲುಕುವ ರಜಾಯಿಯ ನೆರಳು; ಇದಿಷ್ಟನ್ನೂ ಅರ್ಥವಾಗದ ಚಿಕ್ಕ ಹುಡುಗಿಯೊಬ್ಬಳು ಕಂಡಂತೆ ಹೇಳಿದ್ದಾರೆ. ಅಶ್ಲೀಲವೆಂದು ಲಾಹೋರಿನ ಕೋರ್ಟಿಗೆ ಎಳೆದರು. ಯಾವ ಪದ ಅಶ್ಲೀಲವೆಂದು ವಕೀಲರು ಕೇಳಿದರೆ ಸಾಕ್ಷಿ ಬೆರಳಿಟ್ಟದ್ದು 'ಆಶಿಕ್' ಎಂಬ ಪದದ ಮೇಲೆ! ಕೊನೆಗೆ ಕೇಸು ಬಿದ್ದುಹೋಯಿತು. ಆದರೆ ನಮಗೊಂದು ಆಕ್ಷೇಪವಿದೆ. ಇದು ಸಮಾನರ ಒಲವಿನ ಕಥೆಯಲ್ಲ. ರಬ್ಬೂ ಸಂಬಳದ ಆಳು, ಹುಡುಗಿ ಅರಿಯದ ಕೂಸು. ಬೇಗಂ ಇಬ್ಬರ ಮೇಲೂ ಯಜಮಾನಿಕೆ ನಡೆಸುತ್ತಾಳೆ. ಪಂಜರದೊಳಗಿನ ಹಸಿವು ಹೇಗಿರುತ್ತದೆಂದು ತಿಳಿಯಲು ಓದಬೇಕು.

ವಿಜಯ ತೆಂಡೂಲ್ಕರರ ಮರಾಠಿ ನಾಟಕ 'ಮಿತ್ರಾಚೀ ಗೋಷ್ಟ' 1981ರಲ್ಲಿ ರಂಗಕ್ಕೆ ಬಂತು. ಕಾಲೇಜು ಹುಡುಗಿ ಮಿತ್ರಾಳ ಧೈರ್ಯವನ್ನು ಇಷ್ಟು ಚೆನ್ನಾಗಿ ಕಟ್ಟಿದವರು ಕಡೆಯಲ್ಲಿ ಅವಳನ್ನು ಸಾಯಿಸಿಬಿಟ್ಟರಲ್ಲಾ ಎಂದು ನಮಗೆ ಸಿಟ್ಟು ಬಂತು. ಇಂತಹ ಕಥೆಗಳಲ್ಲಿ ಹೆಣ್ಣುಮಕ್ಕಳು ಸಾಯುವುದು ವಾಡಿಕೆಯಾಗಿ ಹೋಗಿದೆ. ಮಲಯಾಳದಲ್ಲಿ ಕಮಲಾ ದಾಸರು 1988ರಲ್ಲಿ ಬರೆದ ಶ್ರೀಗಂಧದ ಮರಗಳ ಹೆಸರಿನ ಕಿರುಕಾದಂಬರಿಯಲ್ಲಿ ಎಳೆತನದ ಗೆಳತಿಯರಿಬ್ಬರು ಮದುವೆಗಳ ಆಚೆಗೂ, ಮುದಿತನದ ಹೊಸಿಲವರೆಗೂ ಆ ಒಲವನ್ನು ಹೊತ್ತು ಬದುಕಿರುತ್ತಾರೆ. ನಮಗೆ ಹೆಚ್ಚು ಹಿಡಿಸಿದ್ದು ಅದೇ.

ಕನ್ನಡದಲ್ಲಿ? ವಸುಧೇಂದ್ರರ 'ಮೋಹನಸ್ವಾಮಿ' 2013ರಲ್ಲಿ ಬಂತು. ಗಂಡು ಗಂಡನ್ನು ಒಲಿಯುವ ಕಥೆಗಳವು. ನಮ್ಮ ಸೀಮೆಗೆ ದೂರವಲ್ಲದ ಸಂಡೂರಿನವರು ಬರೆದದ್ದು. ಬಾಗಿಲು ತೆರೆಯಿತು. ಹೆಣ್ಣಿನ ಕಡೆಯ ಕಪಾಟು ಇನ್ನೂ ಬರಿದಾಗಿಯೇ ಕಾಣುತ್ತದೆ.

ಇದು ಶ್ರೀಮಂತರ ಚಾಳಿ, ದುಡಿಯುವವರಿಗೇಕೆ ಎಂದು ನಮ್ಮವರೇ ಒಬ್ಬರು ಕೇಳಿದರು. ನಮ್ಮ ವಾಚನಾಲಯಕ್ಕೆ ಬಂದವಳು ಶ್ರೀಮಂತಳಲ್ಲ. ಹಣವಿದ್ದವಳು ಬೆಂಗಳೂರಿನಲ್ಲಿ ಮನೆ ಹಿಡಿದು ಅಗುಳಿ ಹಾಕಿಕೊಂಡಾಳು. ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಮನೆಯ ಹುಡುಗಿಗೆ ಅಗುಳಿಯೇ ಇಲ್ಲ. ಒಂದು ಪುಸ್ತಕದ ಎರಡು ರಟ್ಟುಗಳ ನಡುವೆ ಸಿಗುವ ಜಾಗವೇ ಅವಳ ಕೋಣೆ.

1951ರಲ್ಲಿ ಕಾಗೋಡು ಸತ್ಯಾಗ್ರಹಕ್ಕೆ ಬಂದು ಬಂಧನಕ್ಕೊಳಗಾದ ಲೋಹಿಯಾರವರು ಸಪ್ತಕ್ರಾಂತಿಯನ್ನು ಸಾರಿದರು. ಅದರಲ್ಲಿ ಹೆಣ್ಣು-ಗಂಡಿನ ಸಮಾನತೆಯೂ ಇದೆ, ವ್ಯಕ್ತಿಯ ಖಾಸಗಿ ಬದುಕಿನಲ್ಲಿ ಅನ್ಯಾಯವಾಗಿ ಕೈಹಾಕುವುದರ ವಿರುದ್ಧದ ಹೋರಾಟವೂ ಇದೆ. ನಾವು ಕೂಲಿಯ ಕ್ರಾಂತಿಯನ್ನು ಬಾಯಿಪಾಠ ಮಾಡಿದೆವು. ಇದನ್ನು ಮಾತ್ರ ಹಾರಿಸಿ ಓದಿದೆವು. ಬಿಳಿಯರ ಸರ್ಕಾರ 1860ರ ದಂಡಸಂಹಿತೆಯಲ್ಲಿಟ್ಟ 377ನೇ ಕಲಮಿನ ಹಿಡಿತದಿಂದ ವಯಸ್ಕರ ಒಪ್ಪಿಗೆಯ ಸಂಬಂಧವನ್ನು ಸುಪ್ರೀಂ ಕೋರ್ಟು ಬಿಡಿಸಿದ್ದು 2018ರ ಸೆಪ್ಟೆಂಬರ್ 6ರಂದು. ಮದುವೆಯ ಹಕ್ಕನ್ನು ಅದೇ ನ್ಯಾಯಾಲಯ 2023ರಲ್ಲಿ ಕೊಡಲಿಲ್ಲ. ಅದರ ಚರ್ಚೆ ನಾಳೆಯ ಗೋಷ್ಠಿಗೆ ಇರಲಿ.

ರಾತ್ರಿ ಊಟವಾದ ಮೇಲೆ 'ಲಿಹಾಫ್' ಕಥೆಯನ್ನು ನಮಗೆ ಬಂದ ಕನ್ನಡದಲ್ಲಿ ಹೇಳುತ್ತೇವೆ. ಎದ್ದು ಹೋಗುವವರು ಹೋಗಬಹುದು, ಬೇಸರವಿಲ್ಲ. 'ಮೋಹನಸ್ವಾಮಿ'ಯ ಎರಡು ಪ್ರತಿಗಳು ಚಹದ ಮೇಜಿನ ಪಕ್ಕದ ಪೆಟ್ಟಿಗೆಯಲ್ಲಿವೆ. ಆ ಪೆಟ್ಟಿಗೆಯ ಪುಸ್ತಕಗಳಿಗೆ ರಿಜಿಸ್ಟರಿನಲ್ಲಿ ಹೆಸರು ಬರೆಯಬೇಕಾಗಿಲ್ಲ. ಓದಿ ತಂದಿಟ್ಟರೆ ಸಾಕು.