ಸಭೆಗೆ ದಂಡೆ

ಜಾಂಬೋಟಿಯ ಆಚೆ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ದಂಡೆಗಳಿರುವುದರಿಂದಲೇ ಅವಳು ನದಿ. ಸಭೆಗೆ ನಿಯಮವೇ ದಂಡೆ.

ಬೆಳಗಾವಿ ಮಹಾನಗರಪಾಲಿಕೆಯಲ್ಲಿ 2005ರಲ್ಲಿ ನಗರವನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂಬ ನಿರ್ಣಯ ಅಂಗೀಕೃತವಾಯಿತು. ಗಡಿ ಬದಲಿಸುವ ಅಧಿಕಾರ, ಸಂವಿಧಾನದ 3ನೆಯ ವಿಧಿಯಂತೆ, ಸಂಸತ್ತಿನದು. 1976ರ ಪೌರನಿಗಮ ಅಧಿನಿಯಮದ ಉಲ್ಲಂಘನೆಯೆಂದು ಸರ್ಕಾರ ಅದೇ ನವೆಂಬರಿನಲ್ಲಿ ಪಾಲಿಕೆಯನ್ನು ವಿಸರ್ಜಿಸಿತು. ನೀರು, ಚರಂಡಿ, ಬೀದಿದೀಪಗಳ ಪ್ರಶ್ನೆ ಕೇಳಬೇಕಾದ ಪ್ರತಿನಿಧಿಗಳೇ ಇಲ್ಲವಾದರು.

ಆದ್ದರಿಂದ ಕಾರ್ಯಸೂಚಿ ಮುಂಚಿತವಾಗಿ ಸದಸ್ಯರ ಕೈಸೇರಬೇಕು, ವಿಷಯವು ಸಭೆಯ ಅಧಿಕಾರವ್ಯಾಪ್ತಿಯೊಳಗಿರಬೇಕು, ಮಾತಿಗೆ ಸರದಿಯಿರಬೇಕು. ನಡಾವಳಿ ಕನ್ನಡದಲ್ಲಿರಲಿ, ಮರಾಠಿಯನ್ನಷ್ಟೇ ಬಲ್ಲ ಸದಸ್ಯನಿಗೂ ಅದರ ಅರ್ಥವನ್ನು ತಿಳಿಸಿಯೇ ಮತಕ್ಕೆ ಹಾಕಲಿ. ತಿಳಿಯದೆ ಎತ್ತಿದ ಕೈ ಸಮ್ಮತಿಯಾಗಲಾರದು.

ಗಟ್ಟಿ ಗಂಟಲಿನವರು ನಿಯಮವಿಲ್ಲದೆಯೂ ಗೆದ್ದಾರು. ಮೆಲುದನಿಯವರಿಗೆ ಅದೊಂದೇ ಆಸರೆ.